ಒಂದೇ ಕೈಯ ಎರಡು ಪುಸ್ತಕ: ಅಪ್ಪನ ಮಂಚದ ಪಕ್ಕ ಕೂತು ಓದಿ ನೋಡಿದ್ದು

ಕಳೆದ ವರ್ಷ ಜೂನ್ ತಿಂಗಳಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಸ್ಪತ್ರೆಯಲ್ಲಿ 11 ರಾತ್ರಿ, ಆಮೇಲೆ ಮನೆಯಲ್ಲಿ ಮೂರು ತಿಂಗಳು. ಹಗಲು ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಿದ್ದರು. ರಾತ್ರಿ ನನ್ನದು.

ಮೊದಲ ರಾತ್ರಿ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದು ‘ಮೂಕಜ್ಜಿಯ ಕನಸುಗಳು’. ಕಾಲೇಜಿನಲ್ಲಿದ್ದಾಗ ಓದಿದ್ದೆ. ಶಿವರಾಮ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟ ಪುಸ್ತಕ, ಇಂಥ ಹೊತ್ತಲ್ಲಿ ಕೈ ಹಿಡಿಯುತ್ತದೆ ಅಂದುಕೊಂಡೆ. ಇಪ್ಪತ್ತು ಪುಟಕ್ಕೆ ಮುಚ್ಚಿಟ್ಟೆ. ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೆ, ಒಳಗೆ ಏನೂ ಇಳಿಯುತ್ತಿರಲಿಲ್ಲ. ಮಾರನೇ ರಾತ್ರಿ ಅದೇ ಕಾರಂತರ ‘ಬೆಟ್ಟದ ಜೀವ’ ತೆಗೆದುಕೊಂಡು ಹೋದೆ. ಬೆಳಗಿನ ಜಾವ ನರ್ಸ್ ಬಂದು ಬಿಪಿ ನೋಡುವವರೆಗೂ ಓದಿದೆ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು.

ಅದೇ ಲೇಖಕರು, ಅದೇ ನಾನು, ಅದೇ ಕಬ್ಬಿಣದ ಬೆಂಚು. ಮತ್ತೆ ಯಾಕೆ ಹೀಗೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ತಿಂಗಳು ಹೀಗೆ ಜೋಡಿ ಜೋಡಿಯಾಗಿ ಓದಿದೆ. ಆದಷ್ಟೂ ಒಬ್ಬರೇ ಲೇಖಕರ ಎರಡು ಕಾದಂಬರಿ: ಒಂದು ಎಲ್ಲರೂ ಹೊಗಳುವುದು, ಇನ್ನೊಂದು ನನಗೆ ಹತ್ತಿರ ಅನಿಸಿದ್ದು. ಆಸ್ಪತ್ರೆಯಲ್ಲಿ ನಾನೊಬ್ಬಳೇ ಓದುತ್ತಿದ್ದೆ. ಮನೆಗೆ ಬಂದ ಮೇಲೆ ಅಪ್ಪನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅವರಿಗೆ ಕಣ್ಣಿನ ಪೊರೆ ಇದೆ, ಓದಲು ಆಗುವುದಿಲ್ಲ. ಅರಸೀಕೆರೆ ಕಡೆಯ ತೆಂಗಿನ ತೋಟದವರು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ಕತೆ ಕೇಳುವ ಕಿವಿ ಬಹಳ ಚುರುಕು.

ನಾನು ಇಟ್ಟುಕೊಂಡ ಪರೀಕ್ಷೆ ಒಂದೇ. ಪುಸ್ತಕವನ್ನು ನಡುವೆ ಎಲ್ಲಾದರೂ ತೆರೆಯಬೇಕು. ಆ ಪುಟದಿಂದ ಹತ್ತು ಪುಟ ಓದಬೇಕು. ಹನ್ನೊಂದನೆಯ ಪುಟಕ್ಕೆ ಕೈ ತಾನಾಗಿ ಹೋಗುತ್ತದಾ? ರಾತ್ರಿ ಎರಡು ಗಂಟೆಗೆ, ಪಕ್ಕದ ಮಂಚದಲ್ಲಿ ನೋವು ನರಳುತ್ತಿರುವಾಗ, ಮನಸ್ಸಿಗೆ ಬೇರೆ ಯಾವ ಲೆಕ್ಕವೂ ಗೊತ್ತಾಗುವುದಿಲ್ಲ.

ಮೊದಲು ಕಾರಂತರ ಜೋಡಿ.

‘ಮೂಕಜ್ಜಿಯ ಕನಸುಗಳು’ ಬಂದಿದ್ದು 1968ರಲ್ಲಿ. ಬಾಲ್ಯದಲ್ಲೇ ವಿಧವೆಯಾದ ಮುದುಕಿ. ಹಳೆಯ ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣಿಗೆ ಕಾಣುತ್ತದೆ. ಮೊಮ್ಮಗ ಸುಬ್ಬರಾಯ ಒಂದೊಂದೇ ವಸ್ತು ತಂದು ಅವಳ ಕೈಗೆ ಕೊಡುತ್ತಾನೆ. ಅಜ್ಜಿ ದೇವರು, ಧರ್ಮ, ಗಂಡು ಹೆಣ್ಣಿನ ಆಸೆ ಎಲ್ಲದರ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಾಳೆ. ಎಂಬತ್ತು ದಾಟಿದ ವಿಧವೆಯ ಬಾಯಲ್ಲಿ ಇಂಥ ಮಾತು ಆಡಿಸುವುದಕ್ಕೆ ಆ ಕಾಲದಲ್ಲಿ ಧೈರ್ಯ ಬೇಕಿತ್ತು. ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಜ್ಜಿಯೂ ನನಗೆ ಇಷ್ಟ.

ಆದರೆ ಕಾದಂಬರಿಯಾಗಿ ಇದಕ್ಕೆ ಸಿಕ್ಕ ಹೊಗಳಿಕೆ ಜಾಸ್ತಿ ಆಯಿತು ಅಂತಲೇ ನನಗೆ ಅನಿಸುತ್ತದೆ. ಸುಬ್ಬರಾಯ ಕೇಳುವ ಪ್ರಶ್ನೆಗಳು ಅಜ್ಜಿಗೆ ಉತ್ತರ ಹೇಳಲು ಜಾಗ ಮಾಡಿಕೊಡುವ ಪ್ರಶ್ನೆಗಳು. ಒಂದು ವಸ್ತು, ಒಂದು ಕನಸು, ಒಂದು ವಿಚಾರ. ಮತ್ತೆ ಇನ್ನೊಂದು ವಸ್ತು. ನಾಲ್ಕನೆಯ ಸಲಕ್ಕೆ ಅದರ ನಡೆ ಗೊತ್ತಾಗಿಬಿಡುತ್ತದೆ. ನಾಗಿಯ ಕತೆ ಬಂದಾಗ ಮಾತ್ರ ಪುಸ್ತಕ ಮೈ ಕೊಡವಿಕೊಂಡು ಏಳುತ್ತದೆ. ಅಲ್ಲಿ ಒಬ್ಬ ಹೆಂಗಸಿನ ಬದುಕೇ ಕಣ್ಣ ಮುಂದೆ ಇದೆ. ಅಪ್ಪನಿಗೆ ಇದನ್ನು ಓದಿದಾಗ ಒಂದು ಗಂಟೆ ಸುಮ್ಮನೆ ಕೇಳಿದರು. ಆಮೇಲೆ, ‘ಅಜ್ಜಿ ಬಲು ಬುದ್ಧಿವಂತೆ. ಆದ್ರೆ ನಂಗೆ ಊಟಕ್ಕೆ ಏನು ಮಾಡಿದ್ರು ಅಂತ್ಲೇ ಹೇಳಲಿಲ್ವಲ್ಲವ್ವ’ ಅಂದರು.

‘ಬೆಟ್ಟದ ಜೀವ’ದಲ್ಲಿ ಊಟಕ್ಕೆ ಏನು ಅಂತ ಹೇಳಿದ್ದಾರೆ. ಸ್ನಾನಕ್ಕೆ ನೀರು ಎಷ್ಟು ಬಿಸಿ ಇತ್ತು ಅಂತಲೂ ಗೊತ್ತಾಗುತ್ತದೆ. 1943ರ ಪುಸ್ತಕ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ಮನುಷ್ಯ ಗೋಪಾಲಯ್ಯ ಅನ್ನುವ ಮುದುಕರ ಮನೆಗೆ ಬಂದು ಸೇರುತ್ತಾನೆ. ಬಂದವನನ್ನು ಅವರು ಹೊರಡಲು ಬಿಡುವುದಿಲ್ಲ. ಇವತ್ತು ಬೇಡ, ನಾಳೆ ಹೋಗಿ. ನಾಳೆ ಬಂದರೆ ನಾಡಿದ್ದು. ಕತೆ ಅಂದರೆ ಹೆಚ್ಚುಕಡಿಮೆ ಇಷ್ಟೇ. ಆ ಮನುಷ್ಯ ಕಾಡು ಕಡಿದು ತೋಟ ಎಬ್ಬಿಸಿದ್ದಾರೆ. ಹೆಂಡತಿ ಶಂಕರಮ್ಮನನ್ನು ಈ ವಯಸ್ಸಲ್ಲೂ ರೇಗಿಸುತ್ತಾರೆ. ಕೈಕಾಲು ಒಂದು ಗಳಿಗೆ ಸುಮ್ಮನಿರುವುದಿಲ್ಲ.

ಇಷ್ಟರಲ್ಲೇ ಓದುವವರಿಗೆ ನಿಧಾನಕ್ಕೆ ತಿಳಿಯುತ್ತದೆ, ಇವರ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ವರ್ಷಗಳಾಗಿವೆ. ಆ ದಂಪತಿ ಒಬ್ಬರ ಮುಂದೆ ಒಬ್ಬರು ಅದನ್ನು ತೋರಿಸಿಕೊಳ್ಳುವುದಿಲ್ಲ. ಬಂದ ಅತಿಥಿಯನ್ನು ಯಾಕೆ ಅಷ್ಟು ಹಿಡಿದುಕೊಳ್ಳುತ್ತಾರೆ ಅನ್ನುವುದು ಆಗ ಅರ್ಥವಾಗುತ್ತದೆ. ಇದು ಸುಖದ ಕತೆ ಅಲ್ಲವೇ ಅಲ್ಲ. ಆದರೂ ನನಗೆ ಅದೇ ಬೆಂಚಿನ ಮೇಲೆ ನೆಮ್ಮದಿ ಕೊಟ್ಟಿತು. ದುಃಖ ಇದ್ದೇ ಇದೆ. ಅದರ ಜೊತೆಗೆ ಒಲೆ ಉರಿಯುತ್ತಿದೆ, ಹಂಡೆಯಲ್ಲಿ ನೀರು ಕಾಯುತ್ತಿದೆ, ಹಟ್ಟಿಯಲ್ಲಿ ದನ ಕೂಗುತ್ತಿದೆ. ನಾನೂ ಆ ಹೊತ್ತಲ್ಲಿ ಅದನ್ನೇ ಮಾಡುತ್ತಿದ್ದೆ ಅಲ್ವಾ? ಭಯ ಒಳಗಿಟ್ಟುಕೊಂಡು ಫ್ಲಾಸ್ಕಿಗೆ ಬಿಸಿನೀರು ತುಂಬಿಸುವುದು, ಅಪ್ಪನ ಬೆನ್ನಿಗೆ ಪೌಡರ್ ಹಾಕುವುದು.

ಅಪ್ಪನಿಗೆ ಇದನ್ನು ಎರಡು ಸಲ ಓದಿದೆ. ಅಡಿಕೆ ತೋಟದವರಾದರೇನು, ತೆಂಗಿನ ತೋಟದವರಾದರೇನು, ಮಣ್ಣಿನ ಮಾತು ಒಂದೇ. ನೀರು ಎಲ್ಲಿಂದ ತಂದರು, ಆನೆ ಬಂದರೆ ಏನು ಮಾಡುತ್ತಾರೆ ಅಂತ ಮಧ್ಯೆ ಮಧ್ಯೆ ಕೇಳುತ್ತಿದ್ದರು. ಮಲಗಿದಲ್ಲಿಂದಲೇ ನಮ್ಮ ತೋಟದ ಪಂಪ್‌ಸೆಟ್ ಬಗ್ಗೆ ಅಣ್ಣನಿಗೆ ಫೋನ್ ಮಾಡಿಸಿದರು. ಆಪರೇಷನ್ ಆದ ಮೇಲೆ ಅವರು ತೋಟದ ಸುದ್ದಿ ಎತ್ತಿದ್ದು ಅದೇ ಮೊದಲು. ಈ ಜೋಡಿಯಲ್ಲಿ ‘ಬೆಟ್ಟದ ಜೀವ’ ಗೆದ್ದಿತು. ನನ್ನ ಮಟ್ಟಿಗೆ ಸಮೀಪದ ಪೈಪೋಟಿಯೂ ಅಲ್ಲ.

ತೇಜಸ್ವಿಯವರ ಜೋಡಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಹೊಗಳಿಕೆ ಜಾಸ್ತಿಯಾದ ಪುಸ್ತಕವೇ ಇಲ್ಲ. ‘ಚಿದಂಬರ ರಹಸ್ಯ’ 1985ರದ್ದು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆ ಪ್ರಶಸ್ತಿ ಅದಕ್ಕೆ ಸಲ್ಲಬೇಕಾದದ್ದೇ. ಕೆಸರೂರಿನ ಜನರ ಸಣ್ಣ ಸಣ್ಣ ಅನುಮಾನಗಳು ಸೇರಿ ದೊಡ್ಡ ಬೆಂಕಿಯಾಗುವುದನ್ನು ಇಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಲ್ಲ. ಆದರೆ ರಾತ್ರಿ ಓದಬಾರದು. ಕೊನೆಗೆ ಹತ್ತುವ ಬೆಂಕಿಯ ವಾಸನೆ ಮೂಗಿನಿಂದ ಹೋಗುವುದಿಲ್ಲ. ಹಗಲು ಓದಿ, ಎಚ್ಚರ ಇಟ್ಟುಕೊಂಡು ಓದಿ.

ರಾತ್ರಿಗೆ ‘ಕರ್ವಾಲೊ’. 1980ರ ಪುಸ್ತಕ, ತೆಳ್ಳಗಿದೆ. ಮೂಡಿಗೆರೆಯ ಜೇನು ಸೊಸೈಟಿಗೆ ಜೇನುತುಪ್ಪ ತರಲು ಹೋಗುವಲ್ಲಿಂದ ಶುರುವಾಗುತ್ತದೆ. ಒಬ್ಬ ವಿಜ್ಞಾನಿ, ಒಬ್ಬ ಮಂದಣ್ಣ, ಬಿರಿಯಾನಿ ಕರಿಯಪ್ಪ, ಎಂಗ್ಟ, ಕಿವಿ ಅನ್ನುವ ನಾಯಿ. ಎಲ್ಲರೂ ಸೇರಿ ಕಾಡಿನಲ್ಲಿ ಹಾರುವ ಓತಿ ಹುಡುಕಿಕೊಂಡು ಹೋಗುತ್ತಾರೆ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಕಣ್ಣಿಗೆ ಅವನು ಹುಟ್ಟಾ ವಿಜ್ಞಾನಿ. ಒಬ್ಬ ಮನುಷ್ಯನನ್ನು ಇನ್ನೊಬ್ಬರು ಸರಿಯಾಗಿ ಗುರುತಿಸುವುದನ್ನು ನೋಡುವುದರಲ್ಲಿ ಒಂದು ಹಿತ ಇದೆ. ಓತಿ ಕೊನೆಗೆ ಕೈಗೆ ಸಿಗದೆ ಪ್ರಪಾತದ ಕಡೆ ತೇಲಿಹೋಗುತ್ತದೆ. ಅಪ್ಪ, ‘ಹೋಗ್ಲಿ ಬಿಡು, ಹಿಡಿದು ಏನ್ ಮಾಡ್ತಿದ್ರು, ನೋಡಿದ್ರಲ್ಲ’ ಅಂದು ನಿದ್ದೆ ಹೋದರು. ಆ ವಾರದಲ್ಲಿ ಮಾತ್ರೆ ಇಲ್ಲದೆ ಅವರಿಗೆ ನಿದ್ದೆ ಬಂದ ಮೊದಲ ರಾತ್ರಿ ಅದು.

ಮೂರನೆಯ ಜೋಡಿಯಲ್ಲಿ ಲೇಖಕರು ಬೇರೆ ಬೇರೆ. ಆದರೆ ಸೀಮೆ ಒಂದೇ. ಯು.ಆರ್. ಅನಂತಮೂರ್ತಿಯವರೂ ಎಂ.ಕೆ. ಇಂದಿರಾ ಅವರೂ ತೀರ್ಥಹಳ್ಳಿ ತಾಲ್ಲೂಕಿನವರು. ಇಬ್ಬರೂ ಮಲೆನಾಡಿನ ಬ್ರಾಹ್ಮಣರ ಹಳ್ಳಿಯ ಬಗ್ಗೆ ಬರೆದರು. ‘ಸಂಸ್ಕಾರ’ 1965ರಲ್ಲಿ ಬಂತು. 1970ರಲ್ಲಿ ಸಿನಿಮಾ ಆಯಿತು. ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976ರಲ್ಲಿ ಬಂದು ಪುಸ್ತಕ ಹೊರದೇಶಗಳಿಗೂ ಹೋಯಿತು. ಅದೇ 1976ರಲ್ಲಿ ಇಲ್ಲಿ ಕನ್ನಡದಲ್ಲಿ ‘ಫಣಿಯಮ್ಮ’ ಬಂತು. ಒಂದನ್ನು ಪ್ರಪಂಚವೇ ಓದಿತು. ಇನ್ನೊಂದನ್ನು ನಮ್ಮ ಅಮ್ಮಂದಿರು, ಅತ್ತೆಯಂದಿರು ಲೈಬ್ರರಿಯಿಂದ ತಂದು ಓದಿದರು.

ನಾನು ‘ಸಂಸ್ಕಾರ’ವನ್ನು ಇದಕ್ಕೆ ಮೊದಲು ಮೂರು ಸಲ ಓದಿದ್ದೇನೆ. ಮೊದಲ ಸಲ ಮೈ ಜುಂ ಅಂದಿತ್ತು. ದೂರ್ವಾಸಪುರದಲ್ಲಿ ಬ್ರಾಹ್ಮಣರ ಆಚಾರ ಬಿಟ್ಟು ಬಾಳಿದ ನಾರಣಪ್ಪನ ಹೆಣ ಬಿದ್ದಿದೆ. ಯಾರು ಸುಡಬೇಕು ಅಂತ ತೀರ್ಮಾನ ಆಗುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ. ಇಲಿ ಬೀಳುತ್ತಿವೆ, ಹದ್ದು ಕೂರುತ್ತಿವೆ. ಶುರು ಅಂದರೆ ಇಂಥದ್ದು. ಮೊದಲ ಅರ್ಧ ಈಗಲೂ ಬಿಗಿಯಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಈ ಸಲ ನನಗೆ ಕಂಡಿದ್ದು ನಾರಣಪ್ಪನ ಜೊತೆ ಬಾಳಿದ ಚಂದ್ರಿ. ಗಂಡಸರೆಲ್ಲ ಸೇರಿ ಪುಟಗಟ್ಟಲೆ ಚರ್ಚೆ ಮಾಡುವ ಕೆಲಸವನ್ನು ಅವಳು ಒಂದು ರಾತ್ರಿಯಲ್ಲಿ ಮುಗಿಸುತ್ತಾಳೆ. ಹೆಣ ಸಾಗಿಸಿ ಸುಡಿಸಿ, ಕುಂದಾಪುರದ ದಾರಿ ಹಿಡಿಯುತ್ತಾಳೆ. ಊರಲ್ಲಿ ಮಾಡಬೇಕಾದ ಕೆಲಸ ಮಾಡಿದವಳು ಅವಳೊಬ್ಬಳೇ. ಆದರೆ ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರ ಹಿಂದೆ ಹೋಗುತ್ತದೆ. ಅವರು ನಡೆಯುತ್ತಾರೆ, ಯೋಚಿಸುತ್ತಾರೆ, ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆ ಮೇಳಿಗೆಯ ಜಾತ್ರೆಗೆ ಹೋಗುತ್ತಾರೆ, ಮತ್ತೆ ಯೋಚಿಸುತ್ತಾರೆ. ಹೆಂಗಸರು ಇದರಲ್ಲಿ ಎರಡೇ ಥರ: ನೋಡಿದರೆ ಆಸೆ ಹುಟ್ಟಿಸುವವರು, ಇಲ್ಲವೇ ಒಣಗಿದವರು. ಆಚಾರ್ಯರ ಹೆಂಡತಿ ಭಾಗೀರಥಿ ಹಾಸಿಗೆ ಹಿಡಿದವಳು. ವರ್ಷಗಟ್ಟಲೆ ಮಲಗಿದಲ್ಲೇ ಇದ್ದ ಅವಳ ತಲೆಯೊಳಗೆ ಏನಿತ್ತು? ಅಪ್ಪನ ಮಂಚದ ಪಕ್ಕ ಕೂತು ಓದುವಾಗ ಈ ಪ್ರಶ್ನೆ ನನಗೆ ಬಲವಾಗಿ ಬಂತು. ಪುಸ್ತಕದಲ್ಲಿ ಉತ್ತರ ಇಲ್ಲ. ಅವಳ ಕಾಯಿಲೆ ಗಂಡನ ತ್ಯಾಗವನ್ನು ತೋರಿಸುವುದಕ್ಕೆ ಅಷ್ಟೇ ಇದೆ.

ಅಪ್ಪನಿಗೆ ಓದಿದೆ. ನಲವತ್ತು ಪುಟ ಆದ ಮೇಲೆ ಕೇಳಿದರು, ‘ಈ ಊರಲ್ಲಿ ಯಾರಿಗೂ ಕೆಲಸ ಇಲ್ವೇನವ್ವ?’

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮುಂದೆ ಯಾವ ಪುಸ್ತಕ ಓದಿದರೂ ಅದರಲ್ಲಿ ಕೆಲಸ ಮಾಡುವ ಕೈ ಇದೆಯಾ ಅಂತ ನೋಡುತ್ತಿದ್ದೆ.

‘ಫಣಿಯಮ್ಮ’ದಲ್ಲಿ ಇರುವುದೇ ಆ ಕೈ. ನಿಜವಾಗಿ ಬದುಕಿದ್ದ ಹೆಂಗಸಿನ ಕತೆ ಇದು. 1840ರಿಂದ 1952ರವರೆಗೆ, 112 ವರ್ಷ. ಬಾಲ್ಯದಲ್ಲಿ ಮದುವೆ, ಬಾಲ್ಯದಲ್ಲೇ ವೈಧವ್ಯ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಮನೆಯೊಳಗೆ ಕೂರಿಸಿದರು. ಆಮೇಲೆ ಇಡೀ ಆಯುಷ್ಯ ದಿನಕ್ಕೆ ಒಂದೇ ಊಟ. ಯಾರ ಮನೆಯಲ್ಲಿ ಬಾಣಂತನ ಇದ್ದರೂ, ಮದುವೆ ಇದ್ದರೂ ಫಣಿಯಮ್ಮ ಬೇಕು. ಒಂದು ರಾತ್ರಿ ಹೊಲಗೇರಿಯಲ್ಲಿ ಹೆರಿಗೆ ಕಷ್ಟವಾದಾಗ ಮಡಿ ಪಕ್ಕಕ್ಕಿಟ್ಟು ಹೋಗಿ ತಾಯಿ ಮಗು ಇಬ್ಬರನ್ನೂ ಉಳಿಸುತ್ತಾಳೆ. ಆಮೇಲೆ ಸ್ನಾನ ಮಾಡಿ ತನ್ನ ಪಾಡಿಗೆ ಇರುತ್ತಾಳೆ. ಮುಂದಿನ ತಲೆಮಾರಿನ ದಾಕ್ಷಾಯಣಿ ಅನ್ನುವ ಹುಡುಗಿ ತಲೆ ಬೋಳಿಸಿಕೊಳ್ಳುವುದಿಲ್ಲ ಅಂತ ಹಟ ಹಿಡಿದಾಗ ಅವಳ ಪರ ನಿಲ್ಲುವವಳೂ ಈ ಮುದುಕಿಯೇ. ಆ ಕಾಲದ ಒಬ್ಬ ವಿಧವೆ, ತನಗಾದದ್ದು ಬೇರೆಯವರಿಗೆ ಬೇಡ ಅಂತ ಮೆಲ್ಲಗೆ ಹೇಳುತ್ತಾಳೆ. ದೂರ್ವಾಸಪುರದ ಚರ್ಚೆಯನ್ನೆಲ್ಲ ಒಂದು ತಕ್ಕಡಿಯಲ್ಲಿ ಇಟ್ಟು ಇದೊಂದು ಮಾತನ್ನು ಇನ್ನೊಂದರಲ್ಲಿ ಇಟ್ಟರೆ ನನಗೆ ಇದೇ ತೂಕ.

ಎಂ.ಕೆ. ಇಂದಿರಾ ಅವರ ವಾಕ್ಯಗಳಲ್ಲಿ ಒಪ್ಪ ಓರಣ ಕಡಿಮೆ ಅಂತ ಹೇಳುವವರಿದ್ದಾರೆ. ಹೌದು, ಕತೆ ಅಲ್ಲಲ್ಲಿ ಹಿಂದೆ ಮುಂದೆ ಹೋಗುತ್ತದೆ, ಯಾರು ಯಾರಿಗೆ ಏನಾಗಬೇಕು ಅನ್ನುವುದು ಗೋಜಲಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಹೆಂಗಸರು ಹೇಳುವ ಕತೆ ಹಾಗೇ ತಾನೇ ಇರುವುದು? ನನಗೆ ಅದು ಕೊರತೆ ಅಂತ ಅನಿಸಲೇ ಇಲ್ಲ. ನಡುವಿನ ಯಾವ ಪುಟ ತೆರೆದರೂ ಒಂದು ಮನೆ, ಒಂದು ಕೆಲಸ, ಒಂದು ಮಾತು ಸಿಗುತ್ತದೆ.

‘ಫಣಿಯಮ್ಮ’ ಓದುವಾಗ ನನ್ನ ಅತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಮಾರನೇ ದಿನ ಕುಕ್ಕರ್ ಇಟ್ಟು ಬಂದು ಕೂತರು. ಮೂರನೇ ದಿನ ನನಗಿಂತ ಮೊದಲು ಅವರೇ ಓದಿ ಮುಗಿಸಿದ್ದರು.

ಈಗ ಭೈರಪ್ಪನವರ ಜೋಡಿ. ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ನಮ್ಮ ಮನೆಯಲ್ಲಿ ಅವರ ಪುಸ್ತಕಗಳಿಗೆ ಬೇರೆಯೇ ಕಪಾಟು ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡ ದಿನ ಅಪ್ಪ ಟಿವಿ ಮುಂದಿನಿಂದ ಏಳಲಿಲ್ಲ.

‘ಪರ್ವ’ 1979ರದ್ದು. ಮಹಾಭಾರತದ ದೇವರು, ವರ, ಶಾಪ, ಪವಾಡ ಎಲ್ಲ ತೆಗೆದು ಮನುಷ್ಯರನ್ನು ಮಾತ್ರ ಉಳಿಸಿಕೊಂಡ ಕಾದಂಬರಿ. ಕನ್ನಡದ ಅತಿ ದೊಡ್ಡ ಕಾದಂಬರಿ ಯಾವುದು ಅಂದರೆ ಬಹಳ ಜನ ಇದರ ಹೆಸರು ಹೇಳುತ್ತಾರೆ. ಮೊದಲ ಸಲ ಓದಿದಾಗ ನಾನೂ ಹಾಗೇ ಹೇಳಿದ್ದೆ. ಮದ್ರದೇಶದಲ್ಲಿ ಮುದುಕ ಶಲ್ಯನ ಮನೆಯಿಂದ, ಹೆಣ್ಣಿಗೆ ತೆರ ಕೊಡುವ ಪದ್ಧತಿಯ ಮಾತಿನಿಂದ ಶುರುವಾಗುವುದು ಎಷ್ಟು ಚೆಂದ. ಯುದ್ಧವನ್ನು ಗದ್ದಲ, ದುರ್ವಾಸನೆ, ಹಸಿವು ಅಂತ ತೋರಿಸುವ ಭಾಗ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಎರಡನೆಯ ಓದಿಗೆ ತೊಂದರೆ ಶುರುವಾಯಿತು. ಕುಂತಿ ಕೂತು ನೆನೆಸಿಕೊಳ್ಳುತ್ತಾಳೆ. ದ್ರೌಪದಿ ನೆನೆಸಿಕೊಳ್ಳುತ್ತಾಳೆ. ಭೀಮ ನಡೆಯುತ್ತಾ ನೆನೆಸಿಕೊಳ್ಳುತ್ತಾನೆ. ನೆನಪಿನೊಳಗೆ ಇನ್ನೊಂದು ನೆನಪು. ಎಲ್ಲರ ಮನಸ್ಸಿನ ದನಿಯೂ ಒಂದೇ ಥರ ಕೇಳುತ್ತದೆ, ಒಬ್ಬರೇ ಬೇರೆ ಬೇರೆ ಹೆಸರು ಇಟ್ಟುಕೊಂಡು ಯೋಚಿಸುವ ಹಾಗೆ. ಗಂಡನಲ್ಲದವನಿಂದ ಮಕ್ಕಳನ್ನು ಪಡೆಯುವ ನಿಯೋಗ ಧರ್ಮವೋ ಅಲ್ಲವೋ, ಪಾಂಡವರು ಪಾಂಡುವಿನ ಮಕ್ಕಳೋ ಅಲ್ಲವೋ ಅನ್ನುವ ವಾದ ಸುತ್ತಿ ಸುತ್ತಿ ಬರುತ್ತದೆ. ಗಟ್ಟಿಯಾಗಿ ಓದುವಾಗ ಇದು ಇನ್ನೂ ಎದ್ದು ಕಾಣುತ್ತದೆ. ಕಣ್ಣು ಹಾರಿಸಿಕೊಂಡು ಹೋಗುವುದನ್ನು ನಾಲಿಗೆ ಹಾರಿಸುವುದಿಲ್ಲ. ‘ಪರ್ವ’ವನ್ನು ಒಮ್ಮೆ ಓದಲೇಬೇಕು. ಮತ್ತೆ ಮತ್ತೆ ಓದುವ ಪುಸ್ತಕ ಅಂತ ನಾನು ಹೇಳಲಾರೆ.

‘ಗೃಹಭಂಗ’ದ ಕತೆ ಗೊತ್ತಿರುವವರು ಇದನ್ನು ನೆಮ್ಮದಿಯ ಪಟ್ಟಿಗೆ ಸೇರಿಸಿದ್ದಕ್ಕೆ ಹುಬ್ಬೇರಿಸಬಹುದು. 1970ರ ಈ ಪುಸ್ತಕದಷ್ಟು ಸಾವು ನೋವು ಇರುವ ಕಾದಂಬರಿ ಕನ್ನಡದಲ್ಲಿ ಕಡಿಮೆ. ನಾನೂ ಇದನ್ನು ತೆಗೆದಿರಲಿಲ್ಲ. ಕೇಳಿದ್ದು ಅಪ್ಪ. ‘ಆ ನಂಜಮ್ಮಂದು ಓದವ್ವ’ ಅಂದರು. ಗಿರೀಶ್ ಕಾಸರವಳ್ಳಿಯವರು ಮಾಡಿದ ಧಾರಾವಾಹಿಯನ್ನು ಅವರು ಒಂದು ಕಂತೂ ಬಿಡದೆ ನೋಡಿದ್ದರು. ಅದಕ್ಕೂ ಮೊದಲೇ ಪುಸ್ತಕ ಓದಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ.

ಕಾದಂಬರಿ ನಡೆಯುವುದು ತಿಪಟೂರು ತಾಲ್ಲೂಕಿನ ರಾಮಸಂದ್ರದಲ್ಲಿ. ನಮ್ಮೂರಿಂದ ಆ ಸೀಮೆ ಬಹಳ ದೂರ ಏನಲ್ಲ. ಅಲ್ಲಿನ ಮಾತು ನಮ್ಮ ಮನೆಯ ಮಾತು. ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳ ಬಂದಾಗ ಅಪ್ಪ ಹಾಸಿಗೆಯಲ್ಲೇ ನಕ್ಕು, ಹೊಲಿಗೆ ಎಳೆದು, ಅಯ್ಯೋ ಅಂದರು. ಸೋಮಾರಿ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ಕಲಿತು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ರಾಗಿ, ಉಪ್ಪು, ಮೆಣಸಿನಕಾಯಿ ಎಲ್ಲಕ್ಕೂ ಅವಳ ಹತ್ತಿರ ಲೆಕ್ಕ ಇದೆ. ಅವಳು ಸುಮ್ಮನೆ ಕೂತ ಒಂದು ಪುಟವೂ ನನಗೆ ನೆನಪಿಲ್ಲ. ಅಪ್ಪ ತಮ್ಮ ಅಮ್ಮನ ಬಗ್ಗೆ ಮಾತಾಡಲು ಶುರು ಮಾಡಿದರು. ಅಜ್ಜಿಯೂ ಮುತ್ತುಗದ ಎಲೆ ಹಚ್ಚುತ್ತಿದ್ದಳಂತೆ. ಕಡ್ಡಿ ಚುಚ್ಚಿ ಚುಚ್ಚಿ ಹೆಬ್ಬೆರಳ ತುದಿ ಯಾವಾಗಲೂ ಒರಟಾಗಿರುತ್ತಿತ್ತಂತೆ. ನನಗೆ ನಲವತ್ತಾರು ವರ್ಷ. ಇದನ್ನು ಕೇಳಿದ್ದು ಇದೇ ಮೊದಲು.

ಪ್ಲೇಗ್ ಬರುವ ಭಾಗ ಹತ್ತಿರ ಬಂತು. ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಇಬ್ಬರೂ ಹೋಗುವ ಭಾಗ. ನನಗೆ ಅದನ್ನು ಅಪ್ಪನ ಮುಂದೆ ಓದಲು ಧೈರ್ಯ ಬರಲಿಲ್ಲ. ಗಾಯ ಇನ್ನೂ ಒಣಗಿರಲಿಲ್ಲ, ಮನಸ್ಸು ಕುಗ್ಗಬಾರದು ಅಂತ ಡಾಕ್ಟರ್ ಹೇಳಿದ್ದರು. ಮೆಲ್ಲಗೆ ಹತ್ತು ಹದಿನೈದು ಹಾಳೆ ಒಟ್ಟಿಗೆ ಮಗುಚಿ, ಮುಂದಿನದನ್ನು ಓದಲು ಶುರು ಮಾಡಿದೆ.

‘ಯಾಕವ್ವ ಬಿಟ್ಟೆ?’ ಅಂದರು ಅಪ್ಪ. ಕಣ್ಣು ಮುಚ್ಚಿಕೊಂಡೇ ಇದ್ದರು.

ನಾನು ಮಾತಾಡಲಿಲ್ಲ.

‘ಓದು. ಅವಳು ಅದನ್ನ ಬಾಳಿದ್ದಾಳೆ. ನಾವು ಕೇಳಕ್ಕಾಗಲ್ವಾ?’

ಓದಿದೆ. ನನ್ನ ದನಿ ಎರಡು ಕಡೆ ನಿಂತಿತು. ಅಪ್ಪ ಕಾಯ್ದರು. ಮುಗಿದ ಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು ನೀರು ಕೇಳಿ ಕುಡಿದರು. ನಾಳೆಯಿಂದ ವಾಕರ್ ಹಿಡಿದು ನಡೆಯುತ್ತೇನೆ ಅಂದರು. ಅಲ್ಲಿವರೆಗೆ ಫಿಸಿಯೋಥೆರಪಿ ಹುಡುಗ ಎಷ್ಟು ಹೇಳಿದರೂ ಮುಂದೂಡುತ್ತಿದ್ದರು. ಪುಸ್ತಕದಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ‘ಗೃಹಭಂಗ’ವನ್ನು ಕಪಾಟಿನಿಂದ ತೆಗೆದು ಅವರ ದಿಂಬಿನ ಪಕ್ಕ ಇಟ್ಟೆ.

ಕೊನೆಗೆ ಕುವೆಂಪು. ಈ ಜೋಡಿಯಲ್ಲಿ ನನ್ನ ಊಹೆ ಪೂರಾ ತಲೆಕೆಳಗಾಯಿತು. ‘ಕಾನೂರು ಹೆಗ್ಗಡಿತಿ’ ಹಿತವಾಗಿರುತ್ತದೆ, ‘ಮಲೆಗಳಲ್ಲಿ ಮದುಮಗಳು’ ಅತಿಯಾಗಿ ಹೊಗಳಿಸಿಕೊಂಡ ಪುಸ್ತಕ ಆಗಿರುತ್ತದೆ ಅಂದುಕೊಂಡಿದ್ದೆ. ಹಾಗಂದುಕೊಳ್ಳಲು ಕಾರಣ ಇತ್ತು. ‘ಮದುಮಗಳು’ ಪುಸ್ತಕವನ್ನು ಹಿಂದೆ ಎರಡು ಸಲ ಶುರು ಮಾಡಿ ನೂರು ಪುಟದೊಳಗೆ ಬಿಟ್ಟಿದ್ದೆ. ಅಷ್ಟೊಂದು ಮನೆ, ಅಷ್ಟೊಂದು ಹೆಸರು. ಯಾವ ಹೆಗ್ಗಡೆ, ಯಾವ ಗೌಡ, ಯಾವ ಹಟ್ಟಿ?

‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂತು. ಕಾಡು, ಬೇಟೆ, ಚಂದ್ರಯ್ಯಗೌಡರ ಮನೆಯ ಜಗಳ, ಇವೆಲ್ಲ ಬಂದಾಗ ಪುಸ್ತಕ ಓಡುತ್ತದೆ. ಹೂವಯ್ಯ ಬಂದಾಗ ನಿಂತುಬಿಡುತ್ತದೆ. ಅವನು ಒಳ್ಳೆಯವನು, ಓದಿದವನು, ಆದರ್ಶ ಇರುವವನು. ಬೆಟ್ಟದ ಮೇಲೆ ಸೂರ್ಯ ಮುಳುಗಿದರೆ ಅವನಿಗೆ ಅದೊಂದು ದರ್ಶನ. ಒಮ್ಮೆ ಸರಿ, ಪ್ರತಿ ಸಲವೂ ಹಾಗಾದರೆ? ಗೌಡರ ಮೂರನೇ ಹೆಂಡತಿಯಾಗಿ ಬಂದ ಸುಬ್ಬಮ್ಮನ ಹೆಸರು ಪುಸ್ತಕದ ಮೇಲಿದೆ. ಅವಳ ಪಾಡು ಹೂವಯ್ಯನ ಚಿಂತನೆಗಿಂತ ಎಷ್ಟೋ ದೊಡ್ಡದು. ಅವಳ ಜೊತೆ ಇನ್ನಷ್ಟು ಹೊತ್ತು ಇರಬೇಕಿತ್ತು ಅಂತ ಅನಿಸುತ್ತಲೇ ಇತ್ತು.

‘ಮದುಮಗಳು’ 1967ರದ್ದು. ಮೂವತ್ತು ವರ್ಷದ ನಂತರ ಅದೇ ಕಾಡಿಗೆ ಮರಳಿದ ಕುವೆಂಪು ಹೂವಯ್ಯನನ್ನು ಬಿಟ್ಟು ಬಂದಿದ್ದಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಮೊದಲ ಪುಟದ ಮುಂಚೆಯೇ ಹೇಳಿಬಿಡುತ್ತಾರೆ. ಯಾವುದಕ್ಕೂ ಮೊದಲಿಲ್ಲ, ತುದಿಯಿಲ್ಲ ಅಂತಲೂ. ಹಿಂದೆಲ್ಲ ಅದನ್ನು ಒಂದು ತತ್ವ ಅಂತ ಓದಿ ಮುಂದೆ ಹೋಗಿದ್ದೆ. ಈ ಸಲ ಅದನ್ನು ಓದುವ ಕ್ರಮ ಅಂತ ತೆಗೆದುಕೊಂಡೆ. ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಹಟ ಬಿಟ್ಟೆ. ಎಲ್ಲಿ ತೆರೆಯಿತೋ ಅಲ್ಲಿಂದ ಓದಿದೆ.

ಆಮೇಲೆ ನೋಡಿ. ಮಳೆ, ಇಂಬಳ, ಕಾಲುದಾರಿ, ಕಂಬಳಿಕೊಪ್ಪೆ. ಗುತ್ತಿ ನಡೆಯುತ್ತಾನೆ, ಅವನ ಹಿಂದೆ ಹುಲಿಯ ಅನ್ನುವ ದೊಡ್ಡ ನಾಯಿ. ತಿಮ್ಮಿಯನ್ನು ಹೇಗಾದರೂ ಹಾರಿಸಿಕೊಂಡು ಹೋಗಬೇಕು ಅಂತ ಅವನ ಆಸೆ. ಅತ್ತ ಐತ ಮತ್ತು ಪೀಂಚಲು, ಬಿಡಾರದಲ್ಲಿ ಬಡತನ ಇದ್ದರೂ ಒಬ್ಬರಿಗೊಬ್ಬರು ಇದ್ದಾರೆ. ಮುಕುಂದಯ್ಯ, ಚಿನ್ನಮ್ಮ. ಒಂದು ಹಂದಿಯೂ ಒಂದು ಮರವೂ ಇಲ್ಲಿ ಮನುಷ್ಯರಷ್ಟೇ ಜಾಗ ತೆಗೆದುಕೊಳ್ಳುತ್ತವೆ. ಪ್ರತಿಯೊಬ್ಬರೂ ಏನಾದರೂ ಮಾಡುತ್ತಲೇ ಇರುತ್ತಾರೆ: ಕಟ್ಟಿಗೆ, ಕೊಟ್ಟಿಗೆ, ಕಳ್ಳು, ಗದ್ದೆ. ರಂಗಾಯಣದವರು 2010ರಲ್ಲಿ ಇದನ್ನು ರಾತ್ರಿಯಿಡೀ ನಡೆಯುವ 9 ಗಂಟೆಯ ನಾಟಕ ಮಾಡಿದಾಗ ಜನ ಬೆಳಗಿನವರೆಗೂ ಕೂತು ನೋಡಿದ್ದು ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಸುಖ ಮಾತ್ರ ತುಂಬಿದ ಪುಸ್ತಕ ಇದಲ್ಲ. ಜೀತ, ಹೊಡೆತ, ಕಾಯಿಲೆ, ಕ್ರೌರ್ಯ ಎಲ್ಲ ಇದೆ. ಕೆಲವು ಪುಟ ಓದಿ ಮುಗಿಸಲು ನನಗೂ ಅಪ್ಪನಿಗೂ ಕಷ್ಟವಾಯಿತು. ಆದರೆ ಯಾರನ್ನೂ ಅವಸರದಲ್ಲಿ ಬಿಟ್ಟು ಹೋಗುವುದಿಲ್ಲ. ಹಾಸಿಗೆ ಹಿಡಿದ ಮನುಷ್ಯನ ದಿನ ಎಷ್ಟು ನಿಧಾನವೋ ಈ ಪುಸ್ತಕವೂ ಅಷ್ಟೇ ನಿಧಾನ. ಇದನ್ನು ಹೊಗಳಿದ್ದು ಸಾಲದು ಅಂತ ಈಗ ಹೇಳುತ್ತೇನೆ. ದೊಡ್ಡ ಪುಸ್ತಕ ಅಂತ ಹೊಗಳಿ ಹೊಗಳಿ ನನ್ನಂಥವರನ್ನು ಹೆದರಿಸಿದ್ದಾರೆ. ಮಗ್ಗುಲಲ್ಲಿ ಇಟ್ಟುಕೊಂಡು ದಿನಾ ಹತ್ತು ಪುಟ ಓದಬಹುದು ಅಂತ ಯಾರಾದರೂ ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಎಲ್ಲೆಲ್ಲೋ ತೆರೆದು ಓದಿದ ಮೇಲೆ ಅಪ್ಪ ಮೊದಲಿಂದ ಓದು ಅಂದರು. ಅಕ್ಟೋಬರ್‌ನಿಂದ ಕ್ರಮವಾಗಿ ಓದಿದೆವು. ಅಷ್ಟರಲ್ಲಿ ಅವರು ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ರಾತ್ರಿ ಎಂಟಕ್ಕೆ ಊಟ, ಎಂಟೂವರೆಗೆ ಗುತ್ತಿ. ಅವರಿಗೆ ಎಲ್ಲರಿಗಿಂತ ಹುಲಿಯನ ಮೇಲೆ ಜಾಸ್ತಿ ಪ್ರೀತಿ. ಅದು ಒಂದೆರಡು ದಿನ ಕತೆಯಲ್ಲಿ ಬರದಿದ್ದರೆ ಕೇಳುತ್ತಿದ್ದರು.

ಈಗ ಕೊನೆಯ ಅಧ್ಯಾಯಗಳು ಉಳಿದಿವೆ. ತುಂಗೆ ತುಂಬಿ ಹರಿಯುತ್ತಿದೆ, ಎಲ್ಲರೂ ಹೊಳೆ ದಾಟಬೇಕು. ಅಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಮೊನ್ನೆ ರಾತ್ರಿ ಅಲ್ಲಿಗೆ ಬರುವ ಹೊತ್ತಿಗೆ ನನ್ನ ಓದು ನಿಧಾನವಾಗಿರಬೇಕು. ಅಪ್ಪ ತಲೆ ಎತ್ತಿ ನೋಡಿದರು.

‘ನಾಯಿಗೆ ಏನೋ ಆಗುತ್ತೆ ಅಲ್ವಾ?’

ಈ ಸಲ ಹಾಳೆ ಮಗುಚಲಿಲ್ಲ. ಹೌದು ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಇವತ್ತು ಬೇಡ. ಭಾನುವಾರ ಓದು, ನಿನ್ನ ಅಣ್ಣನೂ ಇರ್ತಾನೆ. ಇವತ್ತಿಗೆ ಮೊದಲನೇದು ಇನ್ನೊಂದ್ಸಲ ಓದು, ಅವರಿಬ್ಬರೂ ನಡ್ಕೊಂಡು ಬರೋದು.’

ಮೊದಲ ಪುಟಕ್ಕೆ ಹೋದೆ.